ಸೊಂಟದಲ್ಲಿ ಪಿಸ್ತೂಲು, ಎದುರಿಗೆ ಪೊಲೀಸ್

ಅಮೆರಿಕಕ್ಕೆ ಹೊಸದಾಗಿ ಹೋಗಿ ಕಾರು ಓಡಿಸಲು ತೊಡಗುವ ನಮ್ಮವರಿಗೆ ಅಲ್ಲಿ ಮೊದಲೇ ನೆಲೆಸಿದವರು ಒಂದು ಕಿವಿಮಾತು ಹೇಳುತ್ತಾರೆ: ಪೊಲೀಸರು ತಡೆದರೆ ಕಾರಿನಿಂದ ಇಳಿಯಬೇಡಿ. ನಮ್ಮಲ್ಲಿ ಸಂಚಾರ ಪೊಲೀಸ್ ಕೈ ಅಡ್ಡ ಹಿಡಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಕಾಗದಪತ್ರ ಹಿಡಿದುಕೊಂಡು ಚಾಲಕನೇ ಇಳಿದು ಹೋಗುವುದು ರೂಢಿ. ಕುಳಿತಲ್ಲೇ ಕುಳಿತರೆ ಅದು ಉದ್ಧಟತನ ಎನಿಸಿಕೊಳ್ಳುತ್ತದೆ. ಅಲ್ಲಿ ಇದು ತಿರುವುಮುರುವು. ಇಳಿದು ಬರುವವನನ್ನು ಕಂಡರೆ ಪೊಲೀಸ್ ಎಚ್ಚೆತ್ತುಕೊಳ್ಳುತ್ತಾನೆ, ಅವನ ಕೈ ಸೊಂಟದತ್ತ ಹೋಗುತ್ತದೆ. ಚಾಲಕ ಕಾರಿನಲ್ಲೇ ಕುಳಿತು, ಕಿಟಕಿ ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಕಾಗದಪತ್ರ ತೆಗೆಯುವ ಮೊದಲು 'ತೆಗೆಯುತ್ತಿದ್ದೇನೆ' ಎಂದು ಹೇಳಬೇಕು.

ಈ ವಿಚಿತ್ರ ಶಿಷ್ಟಾಚಾರದ ಹಿಂದಿರುವುದು ಬಂದೂಕು. ಯಾವ ಕಾರಿನಲ್ಲಿ ಬೇಕಾದರೂ ಪಿಸ್ತೂಲು ಇರಬಹುದು ಎಂಬ ಊಹೆಯ ಮೇಲೆಯೇ ಅಮೆರಿಕದ ಪೊಲೀಸ್ ಕೆಲಸ ಮಾಡುತ್ತಾನೆ. ಆದರೆ ಆ ಪಿಸ್ತೂಲು ಕಳ್ಳನದೇ ಆಗಿರಬೇಕೆಂದಿಲ್ಲ. ಕಾನೂನು ಒಪ್ಪಿದ, ಪರವಾನಗಿ ಪಡೆದ, ಯಾವ ಅಪರಾಧವನ್ನೂ ಮಾಡದ ನಾಗರಿಕನದೂ ಆಗಿರಬಹುದು. ಇಂಥ ಸಶಸ್ತ್ರ ಸಜ್ಜನ ಪೊಲೀಸರ ಎದುರು ಹೇಗಿರಬೇಕು? ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಕೆಲವು ಶತಮಾನಗಳ ಚರಿತ್ರೆಯಿದೆ, ಕೆಲವರ ಪ್ರಾಣವೂ ಅದರಲ್ಲಿ ಹೋಗಿದೆ.

ಇಲ್ಲಿ ಠಾಣೆಗೆ ಗೊತ್ತು

ನಮ್ಮ ದೇಶದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿನ ಪರವಾನಗಿ ಕೊಡುವ ಮುನ್ನವೇ ಪೊಲೀಸ್ ವರದಿ ಬೇಕು. ಯಾರ ಮನೆಯಲ್ಲಿ ಯಾವ ಕೋವಿ ಇದೆ ಎಂಬುದು ಠಾಣೆಗೆ ಗೊತ್ತಿರುತ್ತದೆ. ಚುನಾವಣೆ ಬಂದಾಗ ಪರವಾನಗಿದಾರರಿಗೆ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸುವಂತೆ ಸೂಚನೆ ಬರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಅಪವಾದ ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇಂದಿಗೂ ಉಳಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಹುಟ್ಟು ಸಾವುಗಳಲ್ಲಿ ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ಕೋವಿ. ಅದು ಮನೆಗೆ, ತೋಟಕ್ಕೆ, ಆಚರಣೆಗೆ ಸೇರಿದ್ದು. ಅಂಗಿಯ ಅಡಿಯಲ್ಲಿ ಸಿಕ್ಕಿಸಿಕೊಂಡು ಪೇಟೆಯ ಅಂಗಡಿಗೆ ಹೋಗುವ ಪಿಸ್ತೂಲಲ್ಲ.

ಅಮೆರಿಕದ ಚಿತ್ರ ಬೇರೆ. ದೇಶದ ಎಲ್ಲ ಬಂದೂಕುಗಳ ಕೇಂದ್ರ ದಾಖಲೆ ಪುಸ್ತಕವನ್ನು ಸರ್ಕಾರ ಇಡಬಾರದು ಎಂದು 1986ರ ಕಾಯ್ದೆಯೇ ಹೇಳುತ್ತದೆ. ತಡೆದು ನಿಲ್ಲಿಸಿದ ಕಾರಿನಲ್ಲಿ ಏನಿದೆ ಎಂಬುದು ಪೊಲೀಸನಿಗೆ ಗೊತ್ತಿರುವುದಿಲ್ಲ. ಕೆಲವು ರಾಜ್ಯಗಳಲ್ಲಿ ಕಾರಿನ ಸಂಖ್ಯೆಯನ್ನೋ ಚಾಲನಾ ಪರವಾನಗಿಯನ್ನೋ ಕಂಪ್ಯೂಟರಿನಲ್ಲಿ ನೋಡಿದಾಗ ಆತ ಪಿಸ್ತೂಲಿನ ಪರವಾನಗಿ ಉಳ್ಳವನು ಎಂಬುದು ತಿಳಿಯಬಹುದು. ಆದರೆ ಈ ಹೊತ್ತು ಪಿಸ್ತೂಲು ಅವನ ಬಳಿ ಇದೆಯೇ ಎಂಬುದನ್ನು ಕಂಪ್ಯೂಟರ್ ಹೇಳಲಾರದು. ಹೇಳಬೇಕಾದವನು ಕಾರಿನೊಳಗಿರುವವನೇ.

ಬಚ್ಚಿಟ್ಟರೆ ಕಳ್ಳ, ತೋರಿಸಿದರೆ ಸಜ್ಜನ

ಶಸ್ತ್ರ ಹಿಡಿದವನು ಅಧಿಕಾರಿಯ ಎದುರು ಹೇಗಿರಬೇಕು ಎಂಬ ಚಿಂತೆ ಅಮೆರಿಕಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1328ರಲ್ಲಿ, ನಾರ್ಥಾಂಪ್ಟನ್ ಶಾಸನ ಬಂತು. ಜಾತ್ರೆ, ಸಂತೆಗಳಲ್ಲಿ, ರಾಜನ ಅಧಿಕಾರಿಗಳ ಸಮ್ಮುಖದಲ್ಲಿ ಯಾರೂ ಆಯುಧ ಧರಿಸಿ ಬರಬಾರದು ಎಂದು ಅದು ವಿಧಿಸಿತು. ಅಮೆರಿಕ ಸ್ವತಂತ್ರವಾದ ಮೇಲೆ 1791ರಲ್ಲಿ ಸಂವಿಧಾನದ ಎರಡನೆಯ ತಿದ್ದುಪಡಿ ಶಸ್ತ್ರ ಹೊಂದುವ ಹಕ್ಕನ್ನು ಜನರಿಗೆ ಕೊಟ್ಟಿತು. ಆದರೆ ಬೀದಿಯಲ್ಲಿ ಅದನ್ನು ಹೇಗೆ ಒಯ್ಯಬೇಕು ಎಂಬ ಜಗಳ ಅಲ್ಲಿಗೆ ಮುಗಿಯಲಿಲ್ಲ.

19ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ರಾಜ್ಯಗಳು ಕುತೂಹಲಕರವಾದ ನಿಲುವು ತಳೆದವು. ಕೆಂಟಕಿ ಮತ್ತು ಲೂಸಿಯಾನ 1813ರಲ್ಲಿ ಆಯುಧವನ್ನು ಬಟ್ಟೆಯೊಳಗೆ ಬಚ್ಚಿಟ್ಟು ಒಯ್ಯುವುದನ್ನು ನಿಷೇಧಿಸಿದವು. ಎಲ್ಲರಿಗೂ ಕಾಣುವಂತೆ ಧರಿಸುವುದಕ್ಕೆ ಅಡ್ಡಿಯಿರಲಿಲ್ಲ. ಪ್ರಾಮಾಣಿಕನಾದವನು ಮುಚ್ಚಿಡುವುದೇಕೆ ಎಂಬುದು ಅಂದಿನ ತರ್ಕ. ಇಂದು ಇದು ಬಹುಮಟ್ಟಿಗೆ ಉಲ್ಟಾ ಆಗಿದೆ. ಅನೇಕ ಊರುಗಳಲ್ಲಿ ಪಿಸ್ತೂಲನ್ನು ಹೊರಗೆ ಕಾಣುವಂತೆ ತೂಗುಹಾಕಿಕೊಂಡವನನ್ನು ಕಂಡೇ ಜನ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಸಿನಿಮಾಗಳು ಕಟ್ಟಿಕೊಟ್ಟ ಪಶ್ಚಿಮದ 'ಕೌಬಾಯ್' ಊರುಗಳ ಚಿತ್ರವೂ ಪೂರ್ತಿ ನಿಜವಲ್ಲ. ಗಡಿನಾಡಿನ ಎಷ್ಟೋ ಪಟ್ಟಣಗಳಲ್ಲಿ ಊರೊಳಗೆ ಬಂದವರು ಬಂದೂಕನ್ನು ಹೋಟೆಲಿನಲ್ಲೋ ಕುದುರೆಲಾಯದಲ್ಲೋ ಒಪ್ಪಿಸಬೇಕಿತ್ತು. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣದಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಪ್ರಖ್ಯಾತ ಓ.ಕೆ. ಕೊರಾಲ್ ಕಾಳಗದ ತಕ್ಷಣದ ಕಾರಣ ಇದೇ ಆಗಿತ್ತು. ಊರೊಳಗೆ ಶಸ್ತ್ರ ಧರಿಸಬಾರದೆಂಬ ನಿಯಮ ಮೀರಿದವರಿಂದ ಬಂದೂಕು ಕಸಿಯಲು ಪಟ್ಟಣದ ಮಾರ್ಷಲ್ ವರ್ಜಿಲ್ ಅರ್ಪ್ ತನ್ನ ಸೋದರರೊಂದಿಗೆ ಹೋದ. ಸುಮಾರು ಅರ್ಧ ನಿಮಿಷದಲ್ಲಿ ಮೂವರು ಸತ್ತರು. ಅಧಿಕಾರಿ 'ಕೊಡು' ಎಂದಾಗ ಶಸ್ತ್ರಧಾರಿಯ ಕೈ ಎತ್ತ ಚಲಿಸುತ್ತದೆ ಎಂಬುದು ಅಂದಿಗೂ ಜೀವನ್ಮರಣದ ಪ್ರಶ್ನೆಯಾಗಿತ್ತು.

ಹಕ್ಕು ಎಲ್ಲರದ್ದಾಗಿರಲಿಲ್ಲ

ಈ ಚರಿತ್ರೆಯ ಇನ್ನೊಂದು ಎಳೆ ಕಹಿಯಾದುದು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ ಒಂದು ಕಾನೂನು ತಂದಿತು. ಬಿಡುಗಡೆಗೊಂಡ ಕರಿಯರು ಸ್ಥಳೀಯ ಮಂಡಳಿಯ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಪರವಾನಗಿ ಕೊಡುವುದು, ಬಿಡುವುದು ಬಿಳಿಯ ಅಧಿಕಾರಿಗಳ ಇಚ್ಛೆ. ಮುಂದೆ ಕಾನೂನಿನಲ್ಲಿ ಜನಾಂಗದ ಹೆಸರು ಮಾಯವಾಯಿತು, ಇಚ್ಛೆ ಮಾತ್ರ ಉಳಿಯಿತು. ಅಲಬಾಮದ ಮಾಂಟ್‌ಗೊಮರಿಯಲ್ಲಿ 1956ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಅಹಿಂಸೆಯ ಆ ಮುಂದಾಳು ಆತ್ಮರಕ್ಷಣೆಗಾಗಿ ಪಿಸ್ತೂಲಿನ ಪರವಾನಗಿ ಕೇಳಿದರು. ಅರ್ಜಿ ತಿರಸ್ಕೃತವಾಯಿತು.

ಹತ್ತು ವರ್ಷಗಳ ನಂತರ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಬೇರೆಯೇ ಪ್ರಯೋಗ ನಡೆಯಿತು. 1966ರ ಅಕ್ಟೋಬರಿನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ 'ಬ್ಲ್ಯಾಕ್ ಪ್ಯಾಂಥರ್' ಪಕ್ಷ ಕಟ್ಟಿದರು. ಗುಂಡು ತುಂಬಿದ ಬಂದೂಕನ್ನು ಎಲ್ಲರಿಗೂ ಕಾಣುವಂತೆ ಒಯ್ಯಲು ಅಂದು ಆ ರಾಜ್ಯದ ಕಾನೂನು ಅಡ್ಡಿ ಮಾಡುತ್ತಿರಲಿಲ್ಲ. ಪ್ಯಾಂಥರ್ ಯುವಕರು ಪೊಲೀಸ್ ಕಾರನ್ನು ಹಿಂಬಾಲಿಸಿ, ಕರಿಯನೊಬ್ಬನನ್ನು ಪೊಲೀಸರು ತಡೆದ ಕಡೆ ಕಾನೂನು ಹೇಳಿದಷ್ಟು ದೂರದಲ್ಲಿ ನಿಂತು ನೋಡುತ್ತಿದ್ದರು. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾನೂನು ಪುಸ್ತಕ. ಬಂದೂಕಿನ ನಳಿಗೆಯನ್ನು ಯಾರತ್ತಲೂ ತಿರುಗಿಸಬಾರದೆಂಬ ಎಚ್ಚರ ಅವರಿಗಿತ್ತು. ತಿರುಗಿಸಿದರೆ ಅದು ಅಪರಾಧ.

ಇದು ಪೊಲೀಸರಿಗೆ ಸಹ್ಯವಾಗಲಿಲ್ಲ. ಶಾಸಕ ಡಾನ್ ಮಲ್ಫರ್ಡ್ ಮಸೂದೆ ಮಂಡಿಸಿದರು. ಅದನ್ನು ಪ್ರತಿಭಟಿಸಿ 1967ರ ಮೇ 2ರಂದು ಸುಮಾರು 30 ಮಂದಿ ಪ್ಯಾಂಥರ್‌ಗಳು ಸ್ಯಾಕ್ರಮೆಂಟೊದ ಶಾಸನಸಭೆಯ ಕಟ್ಟಡಕ್ಕೆ ಬಂದೂಕು ಹಿಡಿದೇ ಹೋದರು. ಪರಿಣಾಮ ವಿರುದ್ಧವಾಯಿತು. ಅದೇ ಜುಲೈಯಲ್ಲಿ ರಾಜ್ಯಪಾಲ ರೊನಾಲ್ಡ್ ರೀಗನ್ ಮಸೂದೆಗೆ ಸಹಿ ಹಾಕಿದರು. ಊರೊಳಗೆ ಗುಂಡು ತುಂಬಿದ ಬಂದೂಕು ಒಯ್ಯುವುದು ಅಪರಾಧವಾಯಿತು. ಬಂದೂಕು ಹಿಡಿದ ಕೈಯ ಬಣ್ಣ ಬದಲಾದಾಗ ಕಾನೂನೇ ಬದಲಾಯಿತು ಎಂದು ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ.

ನ್ಯಾಯಾಲಯದ ಎರಡು ಮಾತು

ಅದೇ ಹೊತ್ತಿಗೆ ನ್ಯಾಯಾಲಯಗಳು ಪೊಲೀಸನ ಭಯಕ್ಕೆ ಮಾನ್ಯತೆ ಕೊಡತೊಡಗಿದ್ದವು. 1968ರ 'ಟೆರಿ' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಎದುರಿಗಿರುವವನು ಸಶಸ್ತ್ರನೂ ಅಪಾಯಕಾರಿಯೂ ಆಗಿದ್ದಾನೆಂದು ನಂಬಲು ಸಕಾರಣವಿದ್ದರೆ ಪೊಲೀಸ್ ಅವನ ಮೈಮೇಲೆ ಕೈಯಾಡಿಸಿ ಶೋಧಿಸಬಹುದು ಎಂದಿತು. 1977ರಲ್ಲಿ ಪೆನ್ಸಿಲ್ವೇನಿಯಾದ ಒಂದು ಪ್ರಕರಣದಲ್ಲಿ, ಸಂಚಾರ ನಿಯಮ ಉಲ್ಲಂಘನೆಗಾಗಿ ತಡೆದ ಚಾಲಕನನ್ನು ಕಾರಿನಿಂದ ಇಳಿಯುವಂತೆ ಆಜ್ಞಾಪಿಸಬಹುದು ಎಂದು ತೀರ್ಪಾಯಿತು. ಅಲ್ಲಿ ಅವಧಿ ಮುಗಿದ ನಂಬರ್ ಪ್ಲೇಟಿಗಾಗಿ ತಡೆದವನ ಕೋಟಿನ ಕೆಳಗೆ ಉಬ್ಬು ಕಂಡಿತ್ತು. ಶೋಧಿಸಿದರೆ ರಿವಾಲ್ವರ್ ಸಿಕ್ಕಿತ್ತು.

ಆ ಕಾಲಕ್ಕೆ 'ಸಶಸ್ತ್ರ' ಎಂದರೆ 'ಅಪಾಯಕಾರಿ' ಎಂದುಕೊಳ್ಳುವುದು ಸುಲಭವಿತ್ತು. ಪರವಾನಗಿ ಇದ್ದವರು ಕಡಿಮೆ. ಆದರೆ 1987ರಲ್ಲಿ ಫ್ಲಾರಿಡಾ ಹೊಸ ದಾರಿ ತುಳಿಯಿತು. ಅರ್ಹತೆ ಇದ್ದವರಿಗೆಲ್ಲ ಪರವಾನಗಿ ಕೊಡಲೇಬೇಕು, ಅಧಿಕಾರಿಯ ಇಚ್ಛೆಗೆ ಎಡೆಯಿಲ್ಲ ಎಂದಿತು. 1991ರಲ್ಲಿ ಟೆಕ್ಸಾಸ್‌ನ ಕಿಲೀನ್ ಪಟ್ಟಣದ ಲೂಬೀಸ್ ಉಪಾಹಾರ ಗೃಹದಲ್ಲಿ ಒಬ್ಬ ಬಂದೂಕುಧಾರಿ 23 ಮಂದಿಯನ್ನು ಕೊಂದ. ಕಾನೂನಿಗೆ ಹೆದರಿ ತಮ್ಮ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋಗಿದ್ದ ಸುಝಾನಾ ಹಪ್ ಕಣ್ಣೆದುರೇ ತಂದೆ ತಾಯಿಯನ್ನು ಕಳೆದುಕೊಂಡರು. ಅವರ ಸಾಕ್ಷ್ಯ ಟೆಕ್ಸಾಸನ್ನು ಅಲುಗಿಸಿತು. 1995ರಲ್ಲಿ ಅಲ್ಲಿಯೂ ಪರವಾನಗಿ ಕಾಯ್ದೆ ಬಂತು. ಒಂದೊಂದೇ ರಾಜ್ಯ ಹಿಂಬಾಲಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದು ಸಾರಿ, ನ್ಯೂಯಾರ್ಕಿನ 1911ರ ಕಟ್ಟುನಿಟ್ಟಿನ ಕಾಯ್ದೆಯ ಮುಖ್ಯ ಷರತ್ತನ್ನು ರದ್ದುಪಡಿಸಿತು. 2024ರ ವೇಳೆಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡವಾಗಿತ್ತು.

ಹಾಗಾದರೆ ಪಿಸ್ತೂಲು ಇದ್ದವನನ್ನೆಲ್ಲ ಪೊಲೀಸ್ ಅಪಾಯಕಾರಿ ಎನ್ನಬಹುದೇ? ರಿಚ್ಮಂಡ್ ನಗರದಲ್ಲಿರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಎರಡು ಉತ್ತರ ಕೊಟ್ಟಿದೆ. ಶಸ್ತ್ರವನ್ನು ಬಹಿರಂಗವಾಗಿ ಒಯ್ಯುವುದು ಕಾನೂನುಬದ್ಧವಾಗಿರುವ ರಾಜ್ಯದಲ್ಲಿ ಅದೊಂದೇ ಕಾರಣಕ್ಕೆ ಯಾರನ್ನೂ ತಡೆದಿಡುವಂತಿಲ್ಲ ಎಂದು 2013ರಲ್ಲಿ ಹೇಳಿತು. ಆದರೆ ಸೀಟ್ ಬೆಲ್ಟ್ ಹಾಕದಂಥ ಬೇರೆ ಕಾರಣಕ್ಕೆ ತಡೆದಾಗ, ಒಳಗಿರುವವನ ಬಳಿ ಶಸ್ತ್ರವಿದೆ ಎಂದು ಗೊತ್ತಾದರೆ, ಪರವಾನಗಿ ಇರಲಿ ಬಿಡಲಿ ಅವನನ್ನು ಅಪಾಯಕಾರಿ ಎಂದು ಭಾವಿಸಿ ಶೋಧಿಸಬಹುದು ಎಂದು 2017ರಲ್ಲಿ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಇಷ್ಟೆ: ಹಕ್ಕು ನಿನ್ನದು, ಅದನ್ನು ಚಲಾಯಿಸಿದಾಗಿನ ಅನುಮಾನವೂ ನಿನ್ನ ಪಾಲಿಗೆ.

ಹೇಳಬೇಕೇ, ಬೇಡವೇ?

ದಿನನಿತ್ಯದ ವ್ಯವಹಾರದಲ್ಲಿ ದೊಡ್ಡ ಗೊಂದಲವಿರುವುದು ಇಲ್ಲಿ. ಮಿಷಿಗನ್‌ನಲ್ಲಿ ಪೊಲೀಸ್ ತಡೆದ ಕೂಡಲೇ ಪರವಾನಗಿದಾರ ತನ್ನಲ್ಲಿ ಪಿಸ್ತೂಲಿದೆ ಎಂದು ತಾನಾಗಿಯೇ ಹೇಳಬೇಕು. ತಪ್ಪಿದರೆ ದಂಡ, ಪರವಾನಗಿಯ ಅಮಾನತು. ಟೆಕ್ಸಾಸ್‌ನಲ್ಲಿ ಗುರುತಿನ ಚೀಟಿ ಕೇಳಿದಾಗ ಅದರೊಂದಿಗೆ ಪಿಸ್ತೂಲಿನ ಪರವಾನಗಿಯನ್ನೂ ತೋರಿಸಬೇಕು. ಮಿನೆಸೋಟದಲ್ಲಿ ಪೊಲೀಸ್ ಕೇಳಿದರೆ ಮಾತ್ರ ಹೇಳಬೇಕು. ಒಹಾಯೊದಲ್ಲಿ ಮೊದಲು ತಾನಾಗಿ ಹೇಳಬೇಕಿತ್ತು, 2022ರಿಂದ ಕೇಳಿದರೆ ಸಾಕು. ರಾಜ್ಯದ ಗಡಿ ದಾಟಿದರೆ ಶಿಷ್ಟಾಚಾರ ಬದಲಾಗುತ್ತದೆ.

ಕಾನೂನು ಬಿಟ್ಟ ತೆರವನ್ನು ರೂಢಿ ತುಂಬಿದೆ. ಪಿಸ್ತೂಲು ತರಬೇತಿಯ ತರಗತಿಗಳಲ್ಲಿ ಗುರಿ ಇಡುವುದರ ಜೊತೆಗೆ ಪೊಲೀಸನೊಂದಿಗೆ ಮಾತನಾಡುವುದನ್ನೂ ಕಲಿಸುತ್ತಾರೆ. ಕಾಗದಪತ್ರ ಮತ್ತು ಪಿಸ್ತೂಲನ್ನು ಒಂದೇ ಕಡೆ ಇಡಬಾರದು. ಕಾಗದಕ್ಕೆಂದು ಖಾನೆ ತೆರೆದಾಗ ಪಿಸ್ತೂಲು ಕಂಡರೆ ಅನಾಹುತ. ಮಾತನ್ನು 'ನನ್ನ ಹತ್ತಿರ ಗನ್ ಇದೆ' ಎಂದು ಆರಂಭಿಸಬಾರದು. ಗದ್ದಲದ ರಸ್ತೆಯಲ್ಲಿ ಪೊಲೀಸನ ಕಿವಿಗೆ 'ಗನ್' ಎಂಬ ಶಬ್ದವೊಂದೇ ಬಿದ್ದೀತು. ಮೊದಲು ಪರವಾನಗಿಯ ಮಾತು, ನಂತರ ಪಿಸ್ತೂಲು ಎಲ್ಲಿದೆ ಎಂಬ ಮಾತು, ಕೊನೆಗೆ 'ನಾನು ಏನು ಮಾಡಬೇಕು' ಎಂಬ ಪ್ರಶ್ನೆ. ಪೊಲೀಸ್ ಪಿಸ್ತೂಲನ್ನು ತಾತ್ಕಾಲಿಕವಾಗಿ ತೆಗೆದುಕೊಂಡು, ಮಾತುಕತೆ ಮುಗಿದ ಮೇಲೆ ಹಿಂತಿರುಗಿಸುವುದೂ ಉಂಟು. ಇಂಥ ಭೇಟಿಗಳಲ್ಲಿ ಬಹುಪಾಲು ಶಾಂತವಾಗಿಯೇ ಮುಗಿಯುತ್ತವೆ. ಪರವಾನಗಿ ನೋಡಿ, ಎಚ್ಚರಿಕೆ ಹೇಳಿ ಕಳಿಸಿಬಿಡುವ ಪೊಲೀಸರೇ ಹೆಚ್ಚು.

ಆದರೆ ಕೇಳುವ ಕಿವಿ ಇಲ್ಲದಿದ್ದರೆ ಶಿಷ್ಟಾಚಾರ ಉಪಯೋಗಕ್ಕೆ ಬಾರದು. ಒಹಾಯೊದ ಕ್ಯಾಂಟನ್ ನಗರದಲ್ಲಿ 2011ರ ಜೂನ್‌ನಲ್ಲಿ ತಡೆಯಲಾದ ಚಾಲಕನೊಬ್ಬ ತನ್ನಲ್ಲಿ ಪರವಾನಗಿ ಪಡೆದ ಪಿಸ್ತೂಲಿದೆ ಎಂದು ಹೇಳಲು ಯತ್ನಿಸಿದಾಗಲೆಲ್ಲ ಪೊಲೀಸರು ಅವನ ಬಾಯಿ ಮುಚ್ಚಿಸಿದರು. ಕೊನೆಗೆ ವಿಷಯ ತಿಳಿದಾಗ, ತಕ್ಷಣ ಹೇಳಲಿಲ್ಲವೆಂದು ಅಧಿಕಾರಿಯೊಬ್ಬ ಕೊಲ್ಲುವ ಮಾತಾಡಿದ. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ದೇಶವೆಲ್ಲ ನೋಡಿತು.

ಫಾಲ್ಕನ್ ಹೈಟ್ಸ್‌ನ ರಾತ್ರಿ

ಐದು ವರ್ಷಗಳ ನಂತರ ನಡೆದದ್ದು ಇನ್ನೂ ದಾರುಣ. 2016ರ ಜುಲೈ 6ರ ರಾತ್ರಿ, ಮಿನೆಸೋಟದ ಸೇಂಟ್ ಪಾಲ್ ನಗರದ ಪಕ್ಕದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕರಿಯ ಯುವಕನ ಕಾರನ್ನು ಪೊಲೀಸರು ತಡೆದರು. ಅವನು ಶಾಲೆಯೊಂದರ ಊಟದ ಮನೆಯ ಮೇಲ್ವಿಚಾರಕ. ಮಕ್ಕಳ ಹೆಸರುಗಳನ್ನೂ, ಯಾವ ಮಗುವಿಗೆ ಯಾವ ತಿನಿಸು ಒಗ್ಗದು ಎಂಬುದನ್ನೂ ನೆನಪಿಟ್ಟುಕೊಂಡವನು. ಅಲ್ಲಿಯವರೆಗಿನ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಸಣ್ಣಪುಟ್ಟ ಸಂಚಾರ ಕಾರಣಗಳಿಗೆ ನಲವತ್ತಕ್ಕೂ ಹೆಚ್ಚು ಬಾರಿ ಪೊಲೀಸರು ಅವನನ್ನು ತಡೆದಿದ್ದರು. ಪೊಲೀಸ್ ಎದುರು ಹೇಗಿರಬೇಕು ಎಂಬುದು ಅವನಿಗೆ ಹೊಸದಾಗಿರಲಿಲ್ಲ.

ಅಂದು ಹೇಳಿದ ಕಾರಣ, ಕಾರಿನ ಬ್ರೇಕ್ ದೀಪ ಉರಿಯುತ್ತಿಲ್ಲ ಎಂಬುದು. ತಡೆಯುವ ಮುನ್ನ ಅಧಿಕಾರಿ ಜೆರಾನಿಮೊ ಯಾನೆಜ್, ಕಾರಿನಲ್ಲಿರುವವರು ದರೋಡೆಯೊಂದರ ಶಂಕಿತರಂತೆ ಕಾಣುತ್ತಾರೆ ಎಂದು ರೇಡಿಯೊದಲ್ಲಿ ತಿಳಿಸಿದ್ದರು. ಕ್ಯಾಸ್ಟೀಲ್ ವಿಮೆಯ ಚೀಟಿ ಕೊಟ್ಟ. ನಂತರ, 'ಸರ್' ಎಂದು ಸಂಬೋಧಿಸಿ, ತನ್ನಲ್ಲಿ ಪಿಸ್ತೂಲಿದೆ ಎಂದು ಶಾಂತವಾಗಿ ತಿಳಿಸಿದ. ಪರವಾನಗಿ ಇತ್ತು. ಕೇಳದೆ ಹೇಳಬೇಕೆಂಬ ನಿಯಮ ಮಿನೆಸೋಟದಲ್ಲಿ ಇರಲಿಲ್ಲ, ಆದರೂ ಹೇಳಿದ. ಅದನ್ನು ಮುಟ್ಟಬೇಡ ಎಂದರು ಅಧಿಕಾರಿ. ಮುಟ್ಟುತ್ತಿಲ್ಲ ಎಂದ ಕ್ಯಾಸ್ಟೀಲ್. ಕೆಲವೇ ಕ್ಷಣಗಳಲ್ಲಿ ಏಳು ಗುಂಡು ಹಾರಿದವು. ಪಕ್ಕದಲ್ಲಿ ಅವನ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳು ಇದ್ದರು. ಗುರುತಿನ ಚೀಟಿಗಾಗಿ ಕೈ ಚಾಚಿದ್ದ ಎಂದು ಗೆಳತಿ ಹೇಳಿದಳು. ಪಿಸ್ತೂಲಿಗೆ ಕೈ ಹಾಕಿದನೆಂದು ಹೆದರಿದೆ ಎಂದು ಅಧಿಕಾರಿ ಹೇಳಿದರು. 2017ರ ಜೂನ್ 16ರಂದು ನ್ಯಾಯದರ್ಶಿ ಮಂಡಳಿ ಅಧಿಕಾರಿಯನ್ನು ಖುಲಾಸೆ ಮಾಡಿತು. ನಗರಾಡಳಿತ ಕುಟುಂಬಕ್ಕೆ ಸುಮಾರು 30 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಇದು ಬಣ್ಣದ ಕಥೆ ಮಾತ್ರವೇ ಎಂದರೆ ಪೂರ್ತಿ ಹೌದೆನ್ನಲಾಗದು. 2021ರ ಜೂನ್ 21ರಂದು ಕೊಲರಾಡೊದ ಅರ್ವಾಡದಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದಿದ್ದ ಬಂದೂಕುಧಾರಿಯನ್ನು ಜಾನಿ ಹರ್ಲಿ ಎಂಬ ಬಿಳಿಯ ನಾಗರಿಕ ತನ್ನ ಪಿಸ್ತೂಲಿನಿಂದ ಹೊಡೆದುರುಳಿಸಿದ. ಹಂತಕನ ರೈಫಲನ್ನು ಕೈಗೆತ್ತಿಕೊಂಡಿದ್ದ ಹರ್ಲಿಯನ್ನೇ ಹಂತಕನೆಂದು ಭಾವಿಸಿ ಇನ್ನೊಬ್ಬ ಪೊಲೀಸ್ ಗುಂಡಿಟ್ಟ. ಬಂದೂಕು ಹಿಡಿದ ಕೈ ರಕ್ಷಕನದೋ ಭಕ್ಷಕನದೋ ಎಂದು ಗೊತ್ತುಮಾಡಿಕೊಳ್ಳಲು ಎದುರಿಗಿರುವವನಿಗೆ ಸಿಗುವುದು ಕ್ಷಣ ಮಾತ್ರ. ಆ ಕ್ಷಣದಲ್ಲಿ ಕೆಲಸ ಮಾಡುವುದು ಕಾನೂನಲ್ಲ, ಮನಸ್ಸಿನಲ್ಲಿ ಮೊದಲೇ ಇರುವ ಚಿತ್ರ. ಆ ಚಿತ್ರದಲ್ಲಿ ಬಣ್ಣಕ್ಕೆ ದೊಡ್ಡ ಪಾಲಿದೆ ಎಂಬುದು 1865ರಿಂದ ಬಂದ ಚರಿತ್ರೆಯ ಸಾಕ್ಷಿ.

ಕಲಿಯಬೇಕಾದವರು ಯಾರು?

ಟೆಕ್ಸಾಸ್ 2017ರಲ್ಲಿ ಒಂದು ಕಾನೂನು ಮಾಡಿತು. ಪೊಲೀಸರು ತಡೆದಾಗ ಹೇಗೆ ವರ್ತಿಸಬೇಕು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಕಲಿಸಬೇಕು, ಅದೇ ಪಾಠ ಪೊಲೀಸರ ತರಬೇತಿಯಲ್ಲೂ ಇರಬೇಕು ಎಂಬುದು ಅದರ ಉದ್ದೇಶ. ಎರಡೂ ಕಡೆಯವರು ಕಲಿಯಬೇಕೆಂಬ ತಿಳಿವಳಿಕೆ ಒಳ್ಳೆಯದೇ. ಆದರೆ ಇಲ್ಲಿಯವರೆಗೆ ಸಮಾಧಾನದಿಂದಿರುವ ಹೊಣೆ ಹೆಚ್ಚಾಗಿ ಬಿದ್ದಿರುವುದು ನಾಗರಿಕನ ಮೇಲೆ. ತರಬೇತಿ ಪಡೆದ, ಸಮವಸ್ತ್ರ ತೊಟ್ಟ, ಸರ್ಕಾರದ ಬಲ ಬೆನ್ನಿಗಿರುವ ಪೊಲೀಸ್ ಹೆದರಬಹುದು. ಹೆದರಿದೆ ಎಂದರೆ ನ್ಯಾಯಾಲಯ ಕಿವಿಗೊಡುತ್ತದೆ. ತರಬೇತಿ ಇಲ್ಲದ ನಾಗರಿಕ ಮಾತ್ರ ಹೆದರುವಂತಿಲ್ಲ, ತಡವರಿಸುವಂತಿಲ್ಲ, ಕೈಯನ್ನು ತಪ್ಪಾಗಿ ಅಲುಗಿಸುವಂತಿಲ್ಲ.

ಪರವಾನಗಿಯ ಚೀಟಿ ಜೇಬಿನಲ್ಲಿರುತ್ತದೆ. ಅದನ್ನು ತೋರಿಸಬೇಕಾದರೆ ಕೈ ಜೇಬಿಗೆ ಹೋಗಬೇಕು. ಪೊಲೀಸ್ ಬೆದರುವುದು ಜೇಬಿಗೆ ಹೋಗುವ ಆ ಕೈಯನ್ನು ಕಂಡೇ. ಶಾಸನಸಭೆಗಳೂ ನ್ಯಾಯಾಲಯಗಳೂ ಶಸ್ತ್ರದ ಹಕ್ಕನ್ನು ಎಷ್ಟು ವಿಸ್ತರಿಸಿದರೂ, ಕಾರಿನ ಕಿಟಕಿಯ ಈಚೆ ಆಚೆ ಇರುವ ಇಬ್ಬರ ನಡುವೆ ನಂಬಿಕೆ ಇಲ್ಲದಿದ್ದರೆ ಆ ಹಕ್ಕು ಜೇಬಿನಿಂದ ಹೊರಗೆ ಬರಲಾರದು.